ಪುಟ ನಲವತ್ತಮೂರರ ವೈರ

ದ್ಯಾವಯ್ಯನಿಗೂ ನನಗೂ ಬದ್ಧ ವೈರ. ಇದು ನನ್ನ ಮಾತಲ್ಲ, ಪುಸ್ತಕದ ಮಾತು. ‘ತಗಡಿನ ಬೀದಿಯ ಗ್ಯಾಂಗ್: ಒಂದು ಸಮಾಜಶಾಸ್ತ್ರೀಯ ಅಧ್ಯಯನ’ ಎಂಬ ಕೆಂಪು ರಟ್ಟಿನ ಮಹಾಪ್ರಬಂಧದ ನಲವತ್ತಮೂರನೆಯ ಪುಟದಲ್ಲಿ ಹೀಗೆ ಬರೆದಿದೆ: ‘ಜವರಪ್ಪ ಮತ್ತು ದ್ಯಾವಯ್ಯ ಎಂಬ ಸದಸ್ಯರ ನಡುವೆ ಬದ್ಧ ವೈರವಿದೆ. ಒಂದೇ ಕಟ್ಟೆಯ ಮೇಲೆ ಬೆನ್ನು ತಿರುಗಿಸಿಕೊಂಡು ಕೂರುತ್ತಾರೆ. ಪರಸ್ಪರ ಮಾತುಕತೆ, ಕೊಡುಕೊಳ್ಳುವಿಕೆ ಯಾವುದೂ ಇಲ್ಲ.’ ಜವರಪ್ಪ ಅಂದರೆ ನಾನೇ. ಬೀದಿಯ ಮೂಲೆಯಲ್ಲಿ ಸ್ಟೌ ರಿಪೇರಿ, ಕೊಡೆ ರಿಪೇರಿ ಮಾಡುತ್ತೇನೆ. ದ್ಯಾವಯ್ಯನದು ಹಿಟ್ಟಿನ ಗಿರಣಿ. ಇಬ್ಬರ ಮನೆಗೂ ಒಂದೇ ಗೋಡೆ. ಒಂದೇ ಸ್ಲೇಟಿನಲ್ಲಿ ಅಕ್ಷರ ಕಲಿತವರು, ಒಂದೇ ಹುಣಿಸೆ ಮರದಿಂದ ಬಿದ್ದವರು ನಾವು.

ನಮ್ಮೂರಿನಲ್ಲಿ ಬೀದಿಗೊಂದು ನಲ್ಲಿ, ಬೀದಿಗೊಂದು ಗ್ಯಾಂಗು. ಗ್ಯಾಂಗಿನ ಮೇಲೆ ಯಾರಾದರೂ ಸಂಶೋಧನೆ ಮಾಡಿ ಬರೆದರೆಂದರೆ ಮುಗಿಯಿತು. ಮುಂದಿನ ಸಂಶೋಧಕರು ಬಂದು ಬೇರೆ ಬರೆಯುವ ತನಕ ಬರೆದ ಹಾಗೆಯೇ ಬದುಕಬೇಕು. ಶನಿವಾರ ಶನಿವಾರ ಗ್ರಂಥಪಾಲ ಪಟ್ಟಾಭಿರಾಮಯ್ಯನವರು ಸೈಕಲ್ಲಿನ ಹಿಂದೆ ಪುಸ್ತಕಗಳನ್ನು ಕಟ್ಟಿಕೊಂಡು ಬೀದಿ ಬೀದಿ ತಿರುಗಿ, ಪುಟಕ್ಕೂ ನಮಗೂ ತಾಳೆ ನೋಡುತ್ತಾರೆ. ಉಳಿದ ದಿನ ತಪ್ಪಿದರೆ ಬೇರೆ ಬೀದಿಯವರು ಹೋಗಿ ಅವರಿಗೆ ಹೇಳುತ್ತಾರೆ. ತಪ್ಪಿದವರ ಪುಸ್ತಕವನ್ನು ಕಪಾಟಿನಿಂದ ತೆಗೆದುಬಿಡುತ್ತಾರೆ. ಪುಸ್ತಕ ಹೋಯಿತೆಂದರೆ ಗ್ಯಾಂಗು ಹೋಯಿತು, ಕಟ್ಟೆ ಹೋಯಿತು, ಹೆಣಕ್ಕೆ ಹೆಗಲು ಕೊಡುವಾಗ ಮುಂದೆ ನಿಲ್ಲುವ ಮರ್ಯಾದೆಯೂ ಹೋಯಿತು. ಸುಣ್ಣದ ಬೀದಿಯವರ ಗತಿ ಎಲ್ಲರಿಗೂ ಗೊತ್ತು. ‘ಇವರ ನಾಯಕ ನಗುವುದಿಲ್ಲ’ ಎಂದು ಅವರ ಪುಸ್ತಕದಲ್ಲಿತ್ತು. ಹನ್ನೊಂದು ವರ್ಷ ಪಾಪ ಆ ಮನುಷ್ಯ ಹಲ್ಲು ಕಚ್ಚಿಕೊಂಡೇ ಇದ್ದ. ಒಂದು ಶನಿವಾರ ಪಟ್ಟಾಭಿರಾಮಯ್ಯನವರೇ ಸೈಕಲ್ಲು ಸಮೇತ ಚರಂಡಿಗೆ ಬಿದ್ದರು. ಅದನ್ನು ನೋಡಿ ನಗದಿರಲು ಅವನೇನು ಕಲ್ಲೇ? ಈಗ ಸುಣ್ಣದ ಬೀದಿಯ ಏಳೂ ಜನ ಮನೆಯೊಳಗೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಾರೆ.

ನಮ್ಮ ಪುಸ್ತಕ ಬರೆದವರು ವಾಮನಮೂರ್ತಿ ಎಂಬ ಮಹಾಶಯರು. ದೊಡ್ಡ ವಿದ್ವಾಂಸರಂತೆ, ಇರಲಿ. ನಮ್ಮ ಬೀದಿಯಲ್ಲಿ ಅವರು ಇದ್ದದ್ದು ಬರೀ ನಾಲ್ಕು ದಿನ, ಅದರಲ್ಲೂ ಒಂದು ದಿನ ಹೊಟ್ಟೆ ಕೆಟ್ಟು ಮಲಗಿದ್ದರು. ಉಳಿದ ಮೂರು ದಿನದಲ್ಲಿ ಕಂಡದ್ದನ್ನು ಇನ್ನೂರ ಎಂಬತ್ತು ಪುಟ ಎಳೆದರು. ನಮ್ಮ ನಾಯಕ ಗುರುಪಾದಣ್ಣನಿಗೆ ಆಗ ಹಲ್ಲುನೋವು, ದವಡೆ ಊದಿಕೊಂಡು ಟವೆಲ್ಲು ಕಟ್ಟಿಕೊಂಡಿದ್ದ. ‘ನಾಯಕನು ಅಧಿಕಾರದ ಲಾಂಛನವಾಗಿ ಗಲ್ಲದಿಂದ ನೆತ್ತಿಗೆ ಬಿಳಿ ವಸ್ತ್ರವನ್ನು ಕಟ್ಟುತ್ತಾನೆ’ ಎಂದು ಬರೆದರು. ಆ ಹಲ್ಲು ಕಿತ್ತು ಇಪ್ಪತ್ತೆರಡು ವರ್ಷವಾಯಿತು, ಟವೆಲ್ಲು ಹಾಗೇ ಇದೆ. ಅದೇ ವಾರ ಬೀದಿನಾಯಿ ನಮ್ಮ ಬಲಗಾಲಿನ ಚಪ್ಪಲಿಗಳನ್ನು ಕಚ್ಚಿಕೊಂಡು ಹೋಗಿತ್ತು. ಅಂದಿನಿಂದ ನಮ್ಮ ಗ್ಯಾಂಗಿನ ಆರೂ ಜನಕ್ಕೆ ಎಡಗಾಲಿಗೆ ಮಾತ್ರ ಚಪ್ಪಲಿ. ಇನ್ನೊಂದು ದಿನ ಸಂಜೆ ನಾಲ್ಕು ಗಂಟೆಗೆ ಕೋತಿಯೊಂದು ಹಪ್ಪಳ ಎತ್ತಿಕೊಂಡು ಓಡಿತು, ನಾವು ದೊಣ್ಣೆ ಹಿಡಿದು ಅದರ ಹಿಂದೆ ಓಡಿದೆವು. ಅಂದಿನಿಂದ ದಿನಾ ಸಂಜೆ ನಾಲ್ಕಕ್ಕೆ ದೊಣ್ಣೆ ಹಿಡಿದು ಬೀದಿಯ ಕೊನೆಯವರೆಗೆ ಓಡಿದ್ದೇ ಓಡಿದ್ದು. ಆ ಕೋತಿ ಸತ್ತು ಅದರ ಮೊಮ್ಮಕ್ಕಳು ಮರಿ ಹಾಕಿರಬೇಕು.

ಇದರಿಂದ ಒಂದು ಉಪಕಾರವೂ ಆಗಿದೆ ಅನ್ನಿ. ಗಡಿಯಾರದ ಬೀದಿಯವರ ಪುಸ್ತಕದಲ್ಲಿ ಅವರು ನಮ್ಮನ್ನು ತಿಂಗಳಿಗೊಮ್ಮೆ ಸಂಜೆ ನಾಲ್ಕಕ್ಕೆ ಬಂದು ಹೊಡೆಯುತ್ತಾರೆ ಎಂದಿದೆ. ಅವರು ಬರುತ್ತಿದ್ದರು, ಆ ಹೊತ್ತಿಗೆ ಸರಿಯಾಗಿ ನಾವು ಓಡುತ್ತಿದ್ದೆವು. ಒಬ್ಬನಿಗೂ ಒಂದು ಏಟು ಬಿದ್ದಿಲ್ಲ. ಅವರಿಗೂ ಓಡಿ ಹಿಡಿಯುವ ತ್ರಾಣವಿರಲಿಲ್ಲ. ಅವರ ಸಂಶೋಧಕ ಯುಗಾದಿಯ ದಿನ ಬಂದು ಹೋಳಿಗೆ ತಿನ್ನುವುದನ್ನು ನೋಡಿ ಬರೆದುಕೊಂಡು ಹೋಗಿದ್ದ. ದಿನಾ ಹೋಳಿಗೆ ತಿಂದು ತಿಂದು ಎಲ್ಲರಿಗೂ ಸಕ್ಕರೆ ಕಾಯಿಲೆ.

ಟವೆಲ್ಲು, ಚಪ್ಪಲಿ, ಓಟ ಇವೆಲ್ಲ ಹೇಗೋ ಅಭ್ಯಾಸವಾದವು. ನನಗೆ ಒಗ್ಗದೆ ಹೋದದ್ದು ಪುಟ ನಲವತ್ತಮೂರು. ನಿಜವಾಗಿ ನಡೆದದ್ದು ಇಷ್ಟೇ. ವಾಮನಮೂರ್ತಿಗಳು ಹೊರಡುವ ದಿನ ಬೆಳಿಗ್ಗೆ ಟೀ ಅಂಗಡಿಯವನು ತಟ್ಟೆಯಲ್ಲಿ ಏಳು ಬೋಂಡ ತಂದಿಟ್ಟ. ನಾವು ಆರು ಜನ. ಏಳನೆಯದಕ್ಕೆ ದ್ಯಾವನೂ ನಾನೂ ಒಟ್ಟಿಗೆ ಕೈ ಹಾಕಿದೆವು. ಅವನು ಹೊಟ್ಟೆಬಾಕ ಅಂದ, ನಾನು ನಿಮ್ಮಪ್ಪನೂ ಹೊಟ್ಟೆಬಾಕನೇ ಅಂದೆ. ಇಬ್ಬರೂ ಮುಖ ತಿರುಗಿಸಿ ಕೂತೆವು. ಇಂಥದ್ದು ವಾರಕ್ಕೆ ಎರಡು ಸಲ ಆಗುತ್ತಿತ್ತು, ಸಂಜೆಯ ಟೀ ಹೊತ್ತಿಗೆ ಸರಿಹೋಗುತ್ತಿತ್ತು. ಆದರೆ ಆ ಪುಣ್ಯಾತ್ಮ ಹನ್ನೆರಡೂವರೆಯ ಬಸ್ಸಿಗೆ ಹೊರಟುಬಿಟ್ಟರು. ಸಂಜೆಯವರೆಗೆ ಇದ್ದಿದ್ದರೆ ಅವರ ಗಂಟೇನು ಹೋಗುತ್ತಿತ್ತು ಎಂದು ನಾನು ಇವತ್ತಿಗೂ ಬೈಯುತ್ತೇನೆ.

ಹೆಂಗಸರ ಬಗ್ಗೆ ಮಾತ್ರ ವಾಮನಮೂರ್ತಿಗಳು ಒಂದಕ್ಷರ ಬರೆದಿರಲಿಲ್ಲ. ಹೀಗಾಗಿ ನನ್ನ ಹೆಂಡತಿ ಚಿಕ್ಕತಾಯಿಗೂ ದ್ಯಾವನ ಹೆಂಡತಿ ಸಾಕಮ್ಮನಿಗೂ ಯಾವ ಕಟ್ಟೂ ಇರಲಿಲ್ಲ. ಹಿತ್ತಲ ಗೋಡೆಯ ಮೇಲಿಂದ ಇಡೀ ದಿನ ಸಾರು ಹೋಗುತ್ತಿತ್ತು, ಪಲ್ಯ ಬರುತ್ತಿತ್ತು, ಮಧ್ಯೆ ನಮ್ಮಿಬ್ಬರ ಮೇಲಿನ ನಗೆಯೂ ಹರಿದಾಡುತ್ತಿತ್ತು. ನಾನು ಮಾತ್ರ ಕಟ್ಟೆಯ ಮೇಲೆ ಅವನ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಿದ್ದೆ.

ಕೊನೆಗೆ ನಾನೊಂದು ಉಪಾಯ ಹುಡುಕಿದೆ. ಕಟ್ಟೆಯ ಎದುರಿಗೆ ಒಂದು ಲೈಟು ಕಂಬ ಇದೆ. ದ್ಯಾವನ ಜೊತೆ ಮಾತಾಡಬಾರದು ಎಂದಿದೆಯೇ ಹೊರತು ಕಂಬದ ಜೊತೆ ಮಾತಾಡಬಾರದು ಎಂದು ಎಲ್ಲೂ ಇಲ್ಲ. ಹಾಗಾಗಿ ಬೆಳಿಗ್ಗೆ ಏಳಕ್ಕೆ ಕಟ್ಟೆಗೆ ಬಂದವನೇ ಕಂಬಕ್ಕೆ ಎಲ್ಲ ಹೇಳುತ್ತಿದ್ದೆ. ಮಗಳಿಗೆ ಗಂಡು ಗೊತ್ತಾದದ್ದು, ಅಳಿಯನ ದುರಹಂಕಾರ, ಮೊಮ್ಮಗಳಿಗೆ ಹಲ್ಲು ಬಂದದ್ದು, ನನ್ನ ಮೂಲವ್ಯಾಧಿ. ಬೆನ್ನ ಹಿಂದಿನಿಂದ ದ್ಯಾವ ಕೆಮ್ಮುತ್ತಿದ್ದ. ಕೆಮ್ಮುವುದಕ್ಕೂ ಪುಸ್ತಕದಲ್ಲಿ ನಿಷೇಧವಿಲ್ಲ. ಒಂದು ಕೆಮ್ಮಿಗೆ ಹೌದು, ಎರಡಕ್ಕೆ ಅಯ್ಯೋ ಪಾಪ, ಉದ್ದ ಕೆಮ್ಮಿಗೆ ನೀನು ಸುಳ್ಳುಬುರುಕ ಎಂದು ನಾನೇ ಅರ್ಥ ಮಾಡಿಕೊಂಡಿದ್ದೆ. ಪಟ್ಟಾಭಿರಾಮಯ್ಯನವರು ಒಂದೆರಡು ಸಲ ನಿಂತು ಕೇಳಿಸಿಕೊಂಡರು. ಕಂಬವನ್ನು ನೋಡಿದರು, ಪುಸ್ತಕವನ್ನು ನೋಡಿದರು, ನನಗೆ ಎಲ್ಲೋ ಸ್ವಲ್ಪ ಸಡಿಲವಾಗಿದೆ ಎಂದುಕೊಂಡು ಹೋದರು.

ಹೋದ ವರ್ಷ ಈ ಕೆಮ್ಮು ಕಡಿಮೆಯಾಗುತ್ತ ಬಂತು. ಹೇಳಬೇಕಾದಲ್ಲಿ ಕೆಮ್ಮುವುದಿಲ್ಲ, ಎಲ್ಲೋ ಕೆಮ್ಮುತ್ತಾನೆ. ನನ್ನ ತಂಗಿ ತೀರಿಕೊಂಡ ಸುದ್ದಿಯನ್ನು ಕಂಬಕ್ಕೆ ಹೇಳಿದಾಗ ಬೆನ್ನ ಹಿಂದಿನಿಂದ ಅವನು ಕಡಲೆಕಾಯಿ ಸುಲಿಯುವ ಸದ್ದು ಮಾತ್ರ ಬಂತು. ಪುಸ್ತಕದ ವೈರವನ್ನು ಈ ನನ್ಮಗ ನಿಜ ಮಾಡಿಕೊಂಡನಲ್ಲ ಎಂದು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾಲ್ಕನೆಯ ದಿನ ಚಿಕ್ಕತಾಯಿ ತಟ್ಟೆಯನ್ನು ಕುಕ್ಕಿ ಇಟ್ಟು ವಿಷಯ ಹೇಳಿದಳು. ದ್ಯಾವನ ಕಿವಿ ಹೋಗುತ್ತಿದೆ. ಮೂವತ್ತು ವರ್ಷ ಗಿರಣಿಯ ಸದ್ದಿನಲ್ಲಿ ನಿಂತರೆ ಇನ್ನೇನಾಗುತ್ತದೆ? ಕುಕ್ಕರು ಎಂಟು ಸಲ ಕೂಗಿದರೂ ಪಕ್ಕದಲ್ಲೇ ಪೇಪರು ಓದುತ್ತ ಕೂತಿರುತ್ತಾನಂತೆ. ಈಗ ಜೋರಾಗಿ ಕೂಗಿದರೆ ಒಂದಿಷ್ಟು ಕೇಳಿಸುತ್ತದೆ, ವರ್ಷ ತುಂಬುವುದರೊಳಗೆ ಅದೂ ಇರುವುದಿಲ್ಲ, ಮಿಷನ್ನು ಹಾಕಿದರೂ ಪ್ರಯೋಜನವಿಲ್ಲ ಎಂದು ಡಾಕ್ಟರು ಕೈ ಚೆಲ್ಲಿದ್ದರು.

ಅವತ್ತು ನಾನು ಅತ್ತೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಇಪ್ಪತ್ತೊಂದು ವರ್ಷ ನಾಳೆ ಇನ್ನೊಬ್ಬ ಸಂಶೋಧಕ ಬರುತ್ತಾನೆ, ನಾಡಿದ್ದು ಬರೆಯುತ್ತಾನೆ, ಆಮೇಲೆ ದ್ಯಾವನ ಜೊತೆ ಮನಸಾರೆ ಮಾತಾಡುತ್ತೇನೆ ಎಂದು ಕಾದಿದ್ದೆ. ಈಗ ಅಪ್ಪಣೆ ಸಿಗುವ ಹೊತ್ತಿಗೆ ಕೇಳಿಸಿಕೊಳ್ಳಲು ಅವನಿಗೆ ಕಿವಿಯೇ ಇರುವುದಿಲ್ಲ.

ಆ ಸಮಯಕ್ಕೆ ಸರಿಯಾಗಿ ದೇವರು ಕಳಿಸಿದ ಹಾಗೆ ವಿನುತಾ ಮೇಡಂ ಬಂದರು. ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗಿ, ಯಾವುದೋ ಯೂನಿವರ್ಸಿಟಿಯವರು, ಹೆಗಲಿಗೆ ಒಂದು ಚೀಲ, ಕೈಯಲ್ಲಿ ದಪ್ಪ ನೋಟ್‌ಬುಕ್ಕು. ಹದಿನೈದು ದಿನ ನಮ್ಮ ಗ್ಯಾಂಗಿನ ಅಧ್ಯಯನ ಮಾಡುತ್ತಾರಂತೆ. ಗುರುಪಾದಣ್ಣ ತಕ್ಷಣ ಸಭೆ ಕರೆದ. ಟವೆಲ್ಲಿನೊಳಗಿಂದಲೇ ಭಾಷಣ ಮಾಡಿದ. ಇಂಥ ಅವಕಾಶ ಮತ್ತೆ ಬರುವುದಿಲ್ಲ, ಯಾರಿಗೆ ಏನು ತೆಗೆಸಬೇಕೋ ಈಗಲೇ ತೆಗೆಸಿಕೊಳ್ಳಿ ಎಂದ. ಒಬ್ಬನಿಗೆ ಮಂಡಿನೋವು, ಓಟ ಹೋಗಬೇಕು. ಇನ್ನೊಬ್ಬನಿಗೆ ಬಲಗಾಲು ಒಡೆದು ಸೀಳಿದೆ, ಚಪ್ಪಲಿ ಬೇಕು. ಗುರುಪಾದಣ್ಣನಿಗೆ ಸಾಯುವುದರೊಳಗೆ ಒಂದು ಸಲ ಗಾಳಿಗೆ ಗಲ್ಲ ಒಡ್ಡಬೇಕು. ನನಗೆ ಏನು ಬೇಕೆಂದು ಎಲ್ಲರಿಗೂ ಗೊತ್ತಿತ್ತು. ದ್ಯಾವ ಕೂಡ ನನ್ನ ಬೆನ್ನ ಹಿಂದೆ ಕೂತಿದ್ದ. ಸಭೆಯಲ್ಲಿ ನಡೆದದ್ದು ಅವನಿಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ.

ಮಾರನೆಯ ದಿನ ಬೆಳಿಗ್ಗೆ ಎಲ್ಲರೂ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ, ಮೇಡಂಗೆ ಒಂದು ಬಾಳೆಹಣ್ಣು ಕೊಟ್ಟು ನಮ್ಮ ಅಹವಾಲು ಹೇಳಿಕೊಂಡೆವು. ಆಕೆ ಸಮಾಧಾನದಿಂದ ಕೇಳಿದರು. ಆಮೇಲೆ, ತಾನು ಕಂಡದ್ದನ್ನು ಮಾತ್ರ ಬರೆಯುವುದು, ಹೇಳಿದ್ದನ್ನೆಲ್ಲ ಬರೆದರೆ ಅದು ಸಂಶೋಧನೆ ಆಗುವುದಿಲ್ಲ ಎಂದರು. ಟವೆಲ್ಲು ಬಿಚ್ಚಿ ಓಡಾಡಿ, ನೋಡಿ ಬರೆಯುತ್ತೇನೆ. ಎರಡೂ ಚಪ್ಪಲಿ ಹಾಕಿ, ನೋಡಿ ಬರೆಯುತ್ತೇನೆ. ಅಷ್ಟು ಹೇಳಿ ಪೆನ್ನು ಬಿಚ್ಚಿ ಕೂತರು. ಬರೆಯದೆ ಬಿಚ್ಚುವ ಹಾಗಿಲ್ಲ, ಬಿಚ್ಚದೆ ಬರೆಯುವ ಹಾಗಿಲ್ಲ. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಅನ್ನುತ್ತಾರಲ್ಲ, ಆ ಸ್ಥಿತಿ. ಗುರುಪಾದಣ್ಣ ಮೆಲ್ಲಗೆ ಕೈಯೆತ್ತಿ ಟವೆಲ್ಲಿನ ಗಂಟು ಮುಟ್ಟಿದ, ಸುಣ್ಣದ ಬೀದಿಯ ಅಕ್ಕಿ ನೆನಪಾಯಿತೇನೋ, ಗಂಟನ್ನು ಇನ್ನಷ್ಟು ಬಿಗಿ ಮಾಡಿಕೊಂಡು ಕೈ ಇಳಿಸಿದ.

ಹೀಗೆ ದಿನಗಳು ಕಳೆದವು. ಮೇಡಂ ಕೂತು ನೋಡುತ್ತಿದ್ದರು, ನಾವು ವಾಮನಮೂರ್ತಿಗಳು ಬರೆದ ಹಾಗೆ ಕುಂಟುತ್ತ, ಓಡುತ್ತ ಇದ್ದೆವು, ಅವರು ಅದನ್ನೇ ಬರೆದುಕೊಳ್ಳುತ್ತಿದ್ದರು. ಒಂದು ದಿನ ನನ್ನ ಸಂದರ್ಶನ ಮಾಡಿದರು. ವೈರದ ಮೂಲ ಕಾರಣವೇನು ಎಂದು ಕೇಳಿದರು. ಬೋಂಡ ಎಂದೆ. ‘ಆಹಾರ ಸಂಪನ್ಮೂಲದ ಅಸಮಾನ ಹಂಚಿಕೆ’ ಎಂದು ಬರೆದುಕೊಂಡರು. ಅದಲ್ಲ ತಾಯಿ, ಅದು ಬರೀ ಬೋಂಡ, ಆಲೂಗೆಡ್ಡೆಯದು ಎಂದೆ. ಅದಕ್ಕೂ ಒಂದು ಅಡಿಟಿಪ್ಪಣಿ ಹಾಕಿದರು. ಹೆಂಗಸರನ್ನು ಕೇಳೋಣವೆಂದು ನಮ್ಮ ಮನೆಗೂ ಹೋದರು. ಚಿಕ್ಕತಾಯಿ ಒಲೆಯ ಮೇಲೆ ಹಾಲಿದೆ ಎಂದು ಬಾಗಿಲು ಹಾಕಿಕೊಂಡಳು. ಪಕ್ಕದ ಮನೆಗೆ ಹೋದರೆ ಸಾಕಮ್ಮನ ಒಲೆಯ ಮೇಲೂ ಹಾಲಿತ್ತು. ಹದಿನೈದು ದಿನವೂ ಯಾವ ಹೊತ್ತಿಗೆ ಹೋದರೂ ಇಬ್ಬರ ಒಲೆಯ ಮೇಲೂ ಹಾಲಿರುತ್ತಿತ್ತು. ಗಂಡಸರು ಪುಸ್ತಕಕ್ಕೆ ಸಿಕ್ಕಿ ಪಟ್ಟ ಪಾಡನ್ನು ನೋಡಿದವರು ಅವರು.

ಮೇಡಂ ಹೊರಡುವ ದಿನ ಶನಿವಾರವೇ ಬಿತ್ತು. ಹನ್ನೊಂದು ಗಂಟೆಗೆ ಬಸ್ಸು. ಹಿಂದಿನ ದಿನ ನಾನು ಒಬ್ಬರ ಸ್ಟೌವಿಗೆ ಇನ್ನೊಬ್ಬರ ಬರ್ನರು ಹಾಕಿ ಕೊಟ್ಟೆ. ಏನು ಯೋಚನೆ ಮಾಡುತ್ತಿದ್ದೀಯ ಎಂದು ಚಿಕ್ಕತಾಯಿ ಕೇಳಿದಳು. ನಾಳೆ ಅವನ ಜೊತೆ ಮಾತಾಡಿಬಿಡುತ್ತೇನೆ ಎಂದೆ. ಗ್ಯಾಂಗು ಹೋದರೆ ನೀನು ಇಡೀ ದಿನ ಮನೆಯಲ್ಲೇ ಇರುತ್ತೀಯ, ಗೊತ್ತಾಯಿತಾ ಎಂದಳು. ಗೊತ್ತು ಎಂದೆ. ನಾನು ತವರಿಗೆ ಹೋಗಬೇಕಾಗುತ್ತದೆ ಎಂದಳು. ಅದೂ ಗೊತ್ತು ಎಂದೆ. ಆಮೇಲೆ ಅವಳು ಒಂದೇ ಮಾತು ಹೇಳಿದಳು.

“ಎಡಗಿವಿ ತಾವ ಹೇಳು. ಬಲಗಿವಿ ಆಗ್ಲೇ ಹೋಗದೆ.”

ಶನಿವಾರ ಬೆಳಿಗ್ಗೆ ಏಳಕ್ಕೆ ಕಟ್ಟೆಗೆ ಹೋದೆ. ನನಗೆ ಹೆದರಿಕೆಯಾಗಿತ್ತು. ನನ್ನೊಬ್ಬನ ಗ್ಯಾಂಗಾಗಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಐದು ಜನರ ಕಟ್ಟೆಯನ್ನೂ ಕಳೆಯುತ್ತಿದ್ದೇನಲ್ಲ ಎಂಬ ಸಂಕಟ. ಗುರುಪಾದಣ್ಣ ಅಷ್ಟು ವರ್ಷ ಆ ಟವೆಲ್ಲು ಹೊತ್ತದ್ದು ಯಾವ ಪುರುಷಾರ್ಥಕ್ಕೆ? ಎದುರಿಗೆ ಟೀ ಅಂಗಡಿಯ ಬೆಂಚಿನ ಮೇಲೆ ಮೇಡಂ ಚೀಲ ಕಟ್ಟಿಕೊಂಡು ಕೂತಿದ್ದರು. ಪಟ್ಟಾಭಿರಾಮಯ್ಯನವರು ಸೈಕಲ್ಲಿಗೆ ಸ್ಟ್ಯಾಂಡು ಹಾಕಿ, ನಮ್ಮ ಕೆಂಪು ಪುಸ್ತಕ ಬಿಚ್ಚಿ, ಗುರುಪಾದಣ್ಣನ ಟವೆಲ್ಲನ್ನೂ ನಮ್ಮ ಎಡಗಾಲುಗಳನ್ನೂ ತಾಳೆ ನೋಡುತ್ತಿದ್ದರು. ದ್ಯಾವ ಬಂದ, ಎಂದಿನಂತೆ ಬೆನ್ನು ತಿರುಗಿಸಿ ಕೂತ.

ನಾನು ಕಂಬದ ಕಡೆಗೆ ನೋಡಲಿಲ್ಲ. ಎದ್ದು, ಕಟ್ಟೆ ಸುತ್ತಿ ಹೋಗಿ, ಅವನ ಎದುರಿಗೆ ಕೂತೆ. ಇಪ್ಪತ್ತೊಂದು ವರ್ಷ ಅವನ ಬೆನ್ನು, ಕಿವಿಯ ತುದಿ ಇಷ್ಟನ್ನೇ ನೋಡಿದ್ದೆ. ಮುಖ ನೋಡಿದರೆ ಮುದುಕನ ಮುಖ. ಅವನಿಗೂ ನನ್ನ ಮುಖ ಹಾಗೇ ಕಂಡಿರಬೇಕು, ಬಾಯಿ ತೆರೆದುಕೊಂಡು ನೋಡಿದ.

ತಿಂಡಿ ಆಯಿತೇನೋ ಎಂದು ಕೇಳಿದೆ. ಅಷ್ಟು ವರ್ಷ ಎದೆಯಲ್ಲಿ ಏನೇನೋ ಇಟ್ಟುಕೊಂಡಿದ್ದವನಿಗೆ ಬಾಯಿಗೆ ಬಂದದ್ದು ಅದೊಂದೇ. ಅವನಿಗೆ ಕೇಳಿಸಲಿಲ್ಲ. ಗಾಬರಿಯಿಂದ ಗ್ರಂಥಪಾಲರ ಕಡೆ ನೋಡಿ, ಬೇಡ ಬೇಡ ಎಂದು ತಲೆ ಅಲ್ಲಾಡಿಸಿದ. ಎಡಗಿವಿಯ ಹತ್ತಿರ ಬಾಗಿ ಇನ್ನಷ್ಟು ಜೋರಾಗಿ ಕೇಳಿದೆ. ಆಂ ಎಂದ. ಮೂರನೆಯ ಸಲ ಎದ್ದು ನಿಂತು, ಎರಡೂ ಕೈ ಬಾಯಿಗೆ ಹಿಡಿದು ಕೂಗಿದೆ. ಟೀ ಅಂಗಡಿಯ ಮಾಡಿನಲ್ಲಿದ್ದ ಪಾರಿವಾಳಗಳು ಹಾರಿಹೋದವು.

“ತಿಂಡಿ ಆಯ್ತೇನ್ಲಾ ದ್ಯಾವ?”

ಅವನ ಕಣ್ಣು ತುಂಬಿಕೊಂಡಿತು. ಕಿವಿ ಕೇಳದವರು ಮಾತಾಡುವುದೂ ಕೂಗಿಯೇ. ಅವನೂ ಎದ್ದು ನಿಂತ. ನನಗಿಂತ ಎರಡು ಪಟ್ಟು ಗಂಟಲು ತೆಗೆದ. ಆಯಿತು, ಉಪ್ಪಿಟ್ಟು, ಸಾಕಮ್ಮ ಉಪ್ಪು ಜಾಸ್ತಿ ಹಾಕಿದ್ದಳು, ನಿಂದೇನು ಎಂದು ಕೂಗಿದ. ನಾನು ರೊಟ್ಟಿ ಎಂದು ಕೂಗಿದೆ. ಯಾವ ರೊಟ್ಟಿ ಎಂದ. ಅಕ್ಕಿರೊಟ್ಟಿ ಎಂದೆ. ಆಮೇಲೆ ತಡೆಯೇ ಇಲ್ಲದೆ ಹೋಯಿತು. ನನ್ನ ಮಂಡಿ, ಅವನ ಬಿ.ಪಿ., ಅವನ ಮಗನ ಕೆಲಸ, ನನ್ನ ಅಳಿಯನ ದುರಹಂಕಾರ ಎಲ್ಲವನ್ನೂ ಕೈ ಬೀಸಿ ಬೀಸಿ, ಕತ್ತಿನ ನರ ಉಬ್ಬಿಸಿಕೊಂಡು ಕೂಗಿದೆವು. ತಂಗಿ ತೀರಿಕೊಂಡಳು ಕಣೋ ಎಂದು ನಾನು ಕಿರುಚಿದಾಗ ಅವನು ನನ್ನ ಅಂಗಿಯ ಕಾಲರು ಹಿಡಿದುಕೊಂಡ.

“ಕಂಬುಕ್ಕೆ ನೀ ಹೇಳೋದು ಒಂದೂ ಕೇಳಿಸ್ತಿರ್ನಿಲ್ಲ ಕಣ್ಲಾ ಜವರ. ಎಲ್ ಕೆಮ್ಬೇಕು ಅಂತ್ಲೇ ಗೊತ್ತಾಯ್ತಿರ್ನಿಲ್ಲ.”

ಅಷ್ಟು ಹೊತ್ತಿಗೆ ಬೀದಿಗೆ ಬೀದಿಯೇ ಸೇರಿತ್ತು. ಗುರುಪಾದಣ್ಣ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಪಟ್ಟಾಭಿರಾಮಯ್ಯನವರು ಬೆರಳನ್ನು ಪುಟ ನಲವತ್ತಮೂರರ ಮೇಲೆ ಇಟ್ಟುಕೊಂಡು ಮೇಡಂ ಹತ್ತಿರ ಓಡಿದರು. ಮಾತುಕತೆ ನಡೆದಿದೆ, ಗ್ರಂಥದ ಉಲ್ಲಂಘನೆ ಆಗಿದೆ, ತಾವೇ ಸಾಕ್ಷಿ, ಇವತ್ತೇ ಈ ಪುಸ್ತಕವನ್ನು ಕಪಾಟಿನಿಂದ ತೆಗೆಯುತ್ತೇನೆ ಎಂದರು. ಬಡಪಾಯಿ, ಅವರೂ ತಮ್ಮ ಕೆಲಸ ಮಾಡುತ್ತಿದ್ದರು, ಅವರಿಗೇನೂ ಖುಷಿ ಇರಲಿಲ್ಲ.

ಮೇಡಂ ಚೀಲ ಬಿಚ್ಚಿ ಮತ್ತೆ ನೋಟ್‌ಬುಕ್ಕು ತೆಗೆದರು. ನಮ್ಮಿಬ್ಬರನ್ನೂ ತಲೆಯಿಂದ ಕಾಲಿನವರೆಗೆ ನೋಡಿದರು. ನನ್ನ ಕಾಲರು ಇನ್ನೂ ದ್ಯಾವನ ಕೈಯಲ್ಲಿತ್ತು. ಇಬ್ಬರ ಮುಖವೂ ಕೆಂಪಗಾಗಿ ಬೆವರುತ್ತಿತ್ತು. ಇಬ್ಬರ ಕಣ್ಣಲ್ಲೂ ನೀರು. ಆಕೆ ಪೆನ್ನಿನ ಕ್ಯಾಪನ್ನು ಬಾಯಲ್ಲಿ ಕಚ್ಚಿ ತೆಗೆದರು.

“ಇದು ಮಾತುಕತೆನಾ ಸಾರ್? ಹೀಗೆ ಗಂಟಲು ಹರ್ಕೊಂಡು, ಕಾಲರ್ ಹಿಡ್ಕೊಂಡು ಯಾರಾದ್ರೂ ಮಾತಾಡ್ತಾರಾ? ನಾನು ಕಂಡಿದ್ದು ಜಗಳ. ಕಂಡಿದ್ದನ್ನ ಬರೀತೀನಿ.”

ಪಟ್ಟಾಭಿರಾಮಯ್ಯನವರು ಪುಸ್ತಕವನ್ನು ನೋಡಿದರು. ಬದ್ಧ ವೈರ ಎಂದಿದೆ. ಜಗಳವಾಡುವುದಿಲ್ಲ ಎಂದು ಎಲ್ಲೂ ಇಲ್ಲ. ಬೆನ್ನು ತಿರುಗಿಸಿ ಕೂರುತ್ತಾರೆ ಎಂದೂ ಇದೆ, ಆದರೆ ನಾವು ಕೂತಿರಲಿಲ್ಲ, ನಿಂತಿದ್ದೆವು. ಎರಡು ಸಲ ಓದಿದರು, ಕನ್ನಡಕ ಒರೆಸಿ ಮೂರನೆಯ ಸಲ ಓದಿದರು. ಆಮೇಲೆ ದೊಡ್ಡ ಉಸಿರು ಬಿಟ್ಟು ಪುಸ್ತಕ ಮುಚ್ಚಿ, ಟೀ ಅಂಗಡಿಯವನಿಗೆ ಸಕ್ಕರೆ ಮುಂದಾಗಿ ಒಂದು ಟೀ ಹೇಳಿದರು. ಗುರುಪಾದಣ್ಣ ಎದ್ದು ಬಂದು ನಮ್ಮಿಬ್ಬರ ಬೆನ್ನಿಗೂ ಒಂದೊಂದು ಗುದ್ದು ಗುದ್ದಿದ. ಹನ್ನೊಂದು ಗಂಟೆಯ ಬಸ್ಸಿನ ತನಕ ನಾವು ಜಗಳವಾಡಿದೆವು. ಮೇಡಂ ಹೋಗುವಾಗ ನಾನು ಕೈ ಮುಗಿದೆ. ಆಕೆ ನೋಡಿಯೂ ನೋಡದ ಹಾಗೆ ಬಸ್ಸು ಹತ್ತಿದರು. ಆ ಹುಡುಗಿಗೆ ತಿಳಿಯಿತೋ ತಿಳಿಯಲಿಲ್ಲವೋ ಎಂದು ಊರಿನಲ್ಲಿ ಈಗಲೂ ವಾದ ನಡೆಯುತ್ತದೆ. ನನ್ನನ್ನು ಕೇಳಿದರೆ, ಅಷ್ಟು ಓದಿದವರಿಗೆ ಅಷ್ಟೂ ತಿಳಿಯುವುದಿಲ್ಲವೇ?

ಏಳು ತಿಂಗಳ ಮೇಲೆ ಹೊಸ ಪುಸ್ತಕ ಬಂತು. ಹಸಿರು ರಟ್ಟು, ನಾಲ್ಕು ನೂರು ಪುಟ. ಪಟ್ಟಾಭಿರಾಮಯ್ಯನವರೇ ಕಟ್ಟೆಯ ಮೇಲೆ ಕೂತು ಓದಿ ಹೇಳಿದರು. ಟವೆಲ್ಲು ಹೋಗಿರಲಿಲ್ಲ, ಗುರುಪಾದಣ್ಣ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಚಪ್ಪಲಿಯೂ ಹಾಗೇ. ಓಟದ ಬಗ್ಗೆ ಮಾತ್ರ, ‘ಹಿಂದಿನ ಸಂಶೋಧಕರು ಇದನ್ನು ಓಟವೆಂದು ಕರೆದಿದ್ದಾರೆ, ನಾನು ಕಂಡಂತೆ ಇದು ನಿಧಾನವಾದ ನಡಿಗೆ’ ಎಂದಿತ್ತು. ಮಂಡಿನೋವಿನವನು ಅಲ್ಲೇ ಮೇಡಂ ಊರಿನ ದಿಕ್ಕಿಗೆ ಅಡ್ಡಬಿದ್ದ. ಬಂದವರಿಗೆಲ್ಲ ಬಾಳೆಹಣ್ಣು ಕೊಡುವುದು ಈ ಗ್ಯಾಂಗಿನ ಪದ್ಧತಿ ಎಂದು ಹೊಸದಾಗಿ ಒಂದು ಸೇರಿತ್ತು. ಈಗ ನಮ್ಮ ಬೀದಿಗೆ ಪೋಸ್ಟಿನವನು ದಿನಕ್ಕೆ ಮೂರು ಸಲ ಬರುತ್ತಾನೆ. ಗಡಿಯಾರದ ಬೀದಿಯವರು ಹೊಡೆಯಲು ಬಂದಾಗಲೂ ಕೈಗೊಂದು ಹಣ್ಣು ಕೊಟ್ಟು ಕಳಿಸುತ್ತೇವೆ, ಸಕ್ಕರೆ ಕಾಯಿಲೆ ಅಂದರೂ ಬಿಡುವುದಿಲ್ಲ. ಹೆಂಗಸರ ಬಗ್ಗೆ ಒಂದೇ ಸಾಲು ಇತ್ತು, ಇವರು ಹಾಲು ಕಾಯಿಸುತ್ತಾರೆ ಎಂದು.

ನಮ್ಮಿಬ್ಬರ ವಿಷಯ ನೂರ ಹದಿನೆಂಟನೆಯ ಪುಟದಲ್ಲಿತ್ತು. ಪಟ್ಟಾಭಿರಾಮಯ್ಯನವರು ಅದನ್ನು ಕಟ್ಟೆಯೆಲ್ಲ ಕೇಳುವ ಹಾಗೆ ಎರಡು ಸಲ ಓದಿದರು, ದ್ಯಾವನ ಎಡಗಿವಿಗೆ ಇನ್ನೊಂದು ಸಲ. ‘ಜವರಪ್ಪ ಮತ್ತು ದ್ಯಾವಯ್ಯರ ವೈರವು ಈಗ ಉಲ್ಬಣಿಸಿದೆ. ಇವರು ಪ್ರತಿದಿನ ಬೆಳಿಗ್ಗೆ ಏಳು ಗಂಟೆಗೆ ಎದುರುಬದುರು ಕೂತು ಒಬ್ಬರಿಗೊಬ್ಬರು ಗಂಟಲು ಹರಿಯುವಂತೆ ಕೂಗಾಡುತ್ತಾರೆ. ಒಂದು ದಿನವೂ ತಪ್ಪಿಸುವುದಿಲ್ಲ.’

ಅಂದಿನಿಂದ ನಮಗೆ ಕೂಗಾಡದೆ ಗತ್ಯಂತರವಿಲ್ಲ. ಮಳೆ ಬಂದರೆ ಕೊಡೆ ಹಿಡಿದುಕೊಂಡು ಕೂಗಾಡುತ್ತೇವೆ. ಮೊದಲ ಎರಡು ತಿಂಗಳು ಅವನಿಗೆ ಅಷ್ಟಿಷ್ಟು ಕೇಳಿಸುತ್ತಿತ್ತು. ಯುಗಾದಿ ಕಳೆದ ಮೇಲೆ ಎಡಗಿವಿಯೂ ಪೂರ್ತಿ ಹೋಯಿತು. ಈಗ ನಾನು ತಿಂಡಿ ಏನು ಎಂದು ಕೂಗಿದರೆ ಅವನು ಗಿರಣಿಯ ಬೆಲ್ಟು ಹರಿಯಿತು ಎಂದು ಕೂಗುತ್ತಾನೆ. ನಾನು ಅಳಿಯನನ್ನು ಬೈದರೆ ಅವನು ಹೂಂ ಒಳ್ಳೆ ಹುಡುಗ ಅನ್ನುತ್ತಾನೆ. ಅದಕ್ಕೂ ಇದಕ್ಕೂ ಸಂಬಂಧವೇ ಇರುವುದಿಲ್ಲ. ಆದರೂ ನನ್ನ ಬಾಯಿ ನೋಡುತ್ತ, ನಾನು ನಗುವ ಕಡೆ ನಕ್ಕು, ಎಂಟು ಗಂಟೆಯವರೆಗೂ ಕೂರುತ್ತಾನೆ.

ಹೋದ ವಾರ ನನಗೆ ಜ್ವರ ಬಂದು ಗಂಟಲು ಕಟ್ಟಿಹೋಯಿತು. ಎದ್ದು ನಿಲ್ಲಲೂ ತ್ರಾಣವಿರಲಿಲ್ಲ. ಬೆಳಿಗ್ಗೆ ಏಳೂಕಾಲಿಗೆ ಬಾಗಿಲು ದೂಡಿಕೊಂಡು ದ್ಯಾವ ನಮ್ಮ ಮನೆಯೊಳಗೆ ಬಂದ. ಇಪ್ಪತ್ತೆರಡು ವರ್ಷದ ಮೇಲೆ ನಮ್ಮ ಹೊಸಿಲು ದಾಟಿದ್ದ. ಪುಸ್ತಕದಲ್ಲಿ ಬರೆದಿದೆ, ತಪ್ಪಿಸುವ ಹಾಗಿಲ್ಲ ಎಂದು ಚಿಕ್ಕತಾಯಿಗೆ ಕೂಗಿ ಹೇಳಿ, ಕುರ್ಚಿ ಎಳೆದುಕೊಂಡು ನನ್ನ ಮಂಚದ ಪಕ್ಕ ಕೂತ. ಗಿರಣಿ, ಬೆಲ್ಟು, ಸಾಕಮ್ಮನ ಉಪ್ಪಿಟ್ಟು ಎಲ್ಲ ಕೂಗಿದ. ಆಮೇಲೆ ನನ್ನ ಸರದಿ ಎಂದು ಸುಮ್ಮನಾದ. ನನಗೆ ಉಸಿರು ಬಿಟ್ಟರೆ ಬೇರೇನೂ ಹೊರಡುತ್ತಿರಲಿಲ್ಲ. ಬರೀ ತುಟಿ ಆಡಿಸುತ್ತ, ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಅವನು ನನ್ನ ಬಾಯಿಯನ್ನೇ ನೋಡುತ್ತ ಕೂತಿದ್ದ, ಒಂದು ಸಲವೂ ಆಂ ಅನ್ನಲಿಲ್ಲ. ಎಂಟು ಹೊಡೆದ ಮೇಲೆ ಎದ್ದು, ನನ್ನ ಹೊದಿಕೆ ಸರಿಮಾಡಿ, ನಾಳೆ ಇನ್ನೂ ಸ್ವಲ್ಪ ಬೇಗ ಬರುತ್ತೇನೆ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ಹೋದ.